‘ಚೆಕ್ ಆಗಿದೆ’ ಎಂದರೆ ಯಾವುದು ಆಗಿದೆ? ತಪಾಸಣೆ, ನಿಯಂತ್ರಣ, ಭರವಸೆ, ವ್ಯಾಲಿಡೇಷನ್

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವನು. ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷಗಳಿಂದ ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಶಾಫ್ಟ್ ತಯಾರಿಸುವ ಒಂದು ಘಟಕದಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೇನೆ. ಕಳೆದ ತಿಂಗಳು ಗ್ರಾಹಕ ಕಂಪನಿಯ ಆಡಿಟರ್ ಬಂದು, ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ ಕಾಯಿಲಿನಿಂದ ಮೇಲ್ಪದರವನ್ನು ಕಾಯಿಸಿ, ತಣಿಸಿ ಗಡಸು ಮಾಡುವ) ಪ್ರಕ್ರಿಯೆಯ ವ್ಯಾಲಿಡೇಷನ್ ತೋರಿಸಿ ಎಂದರು. ನಾನು ಮೂರು ತಿಂಗಳ ಗಡಸುತನದ ವರದಿಗಳನ್ನೆಲ್ಲ ಮುಂದಿಟ್ಟೆ. ‘ಇದು ಇನ್‌ಸ್ಪೆಕ್ಷನ್, ವ್ಯಾಲಿಡೇಷನ್ ಅಲ್ಲ’ ಎಂದು ಎನ್‌ಸಿ (ಲೋಪದ ಟಿಪ್ಪಣಿ) ಬರೆದು ಹೋದರು. ಉತ್ತರವಾಗಿ ‘ಇನ್ನು ಮುಂದೆ ನೂರಕ್ಕೆ ನೂರು ಚೆಕ್ ಮಾಡುತ್ತೇವೆ’ ಎಂದು ಬರೆದು ಕಳಿಸಿದರೆ ಅದನ್ನೂ ತಿರಸ್ಕರಿಸಿದರು. ಗೋವಾದ ಔಷಧ ಕಾರ್ಖಾನೆಯಲ್ಲಿರುವ ನನ್ನ ಅಣ್ಣನನ್ನು ಕೇಳಿದರೆ, ಕ್ಯೂಸಿ (ಗುಣಮಟ್ಟ ನಿಯಂತ್ರಣ) ಎಂದರೆ ಲ್ಯಾಬ್, ಕ್ಯೂಎ (ಗುಣಮಟ್ಟ ಭರವಸೆ) ಎಂದರೆ ಕಾಗದಪತ್ರ ಎನ್ನುತ್ತಾನೆ. ಈ ಪದಗಳ ನಿಜವಾದ ವ್ಯತ್ಯಾಸವನ್ನು ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಗೊಂದಲಕ್ಕೆ ನೀವೊಬ್ಬರೇ ಕಾರಣರಲ್ಲ. ಭೋಸರಿಯಿಂದ ಚಾಕಣದವರೆಗೆ ಯಾವ ಶಾಪಿಗೆ ಹೋದರೂ ‘ಚೆಕ್ ಕೇಲಂ ಕಾ?’ (ಚೆಕ್ ಮಾಡಿದೆಯಾ?) ಎಂಬ ಒಂದೇ ಮರಾಠಿ ಮಾತು ಕೇಳಿಸುತ್ತದೆ; ನಾವು ಕನ್ನಡದವರು ಕೂಡ ‘ಚೆಕ್ ಮಾಡಿದೆ’ ಎಂದು ಹೇಳಿ ಮುಗಿಸುತ್ತೇವೆ. ಪೀಸಿಗೆ ಮೈಕ್ರೋಮೀಟರ್ ಹಿಡಿದದ್ದೂ ಚೆಕ್, ಮೈಕ್ರೋಮೀಟರನ್ನೇ ಲ್ಯಾಬಿಗೆ ಕಳಿಸಿದ್ದೂ ಚೆಕ್, ಸೆಟ್ಟಿಂಗ್ ಸರಿಯಿದೆಯೇ ಎಂದು ನೋಡಿದ್ದೂ ಚೆಕ್, ರಿಜಿಸ್ಟರಿನಲ್ಲಿ ಸಹಿ ಬಿದ್ದಿದೆಯೇ ಎಂದು ನೋಡಿದ್ದೂ ಚೆಕ್. ಬರವಣಿಗೆಯ ಕನ್ನಡದ ‘ಪರಿಶೀಲನೆ’ ಎಂಬ ಪದವೂ ಇವೆಲ್ಲವನ್ನೂ ಒಂದೇ ಗೋಣಿಯಲ್ಲಿ ತುಂಬುತ್ತದೆ. ಆದ್ದರಿಂದ ನಾನು ನನ್ನ ಕೈಕೆಳಗಿನ ಹುಡುಗರಿಗೆ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸುವುದಿಲ್ಲ. ಪ್ರತಿ ಬಾರಿ ‘ಚೆಕ್’ ಎಂಬ ಮಾತು ಬಂದಾಗ, ಈ ಕೆಲಸ ಮುಗಿದ ಮೇಲೆ ನಾವು ಯಾವುದರ ಬಗ್ಗೆ ತೀರ್ಪು ಕೊಡುತ್ತೇವೆ ಎಂದು ಕೇಳಿಕೊಳ್ಳಲು ಹೇಳುತ್ತೇನೆ. ಕೈಯಲ್ಲಿರುವ ಪೀಸಿನ ಬಗ್ಗೆಯೋ, ಇನ್ನೂ ಹುಟ್ಟದ ಪೀಸುಗಳ ಬಗ್ಗೆಯೋ, ಅಳತೆಯ ಸಾಧನದ ಬಗ್ಗೆಯೋ, ಇಡೀ ವ್ಯವಸ್ಥೆಯ ಬಗ್ಗೆಯೋ? ಇದಕ್ಕೆ ಉತ್ತರ ಸಿಕ್ಕರೆ ಪದ ತಾನಾಗಿ ತನ್ನ ಜಾಗಕ್ಕೆ ಬಂದು ಕೂರುತ್ತದೆ.

ನಿಮ್ಮದೇ ಶಾಫ್ಟನ್ನು ತೆಗೆದುಕೊಳ್ಳೋಣ. ಬೇರಿಂಗ್ ಕೂರುವ ವ್ಯಾಸ 25 ಎಚ್6 ಎಂದಿಟ್ಟುಕೊಳ್ಳಿ. ಅಂದರೆ ಗರಿಷ್ಠ 25.000 ಮಿ.ಮೀ., ಕನಿಷ್ಠ 24.987 ಮಿ.ಮೀ., ನಡುವೆ 13 ಮೈಕ್ರಾನ್ ಮಾತ್ರ. ಒಂದು ಶಾಫ್ಟನ್ನು ಅಳೆದು, ಡ್ರಾಯಿಂಗಿನ ಮಿತಿಗೆ ಹೋಲಿಸಿ, ಒಳಗಿದ್ದರೆ ಸ್ವೀಕರಿಸಿ, ಹೊರಗಿದ್ದರೆ ಕೆಂಪು ಬಿನ್ನಿಗೆ ಹಾಕಿದರೆ ಅದು ತಪಾಸಣೆ. ತೀರ್ಪು ಆ ಪೀಸಿನದು ಮಾತ್ರ. ಮುಂದಿನ ಪೀಸು ಹೇಗೆ ಬರುತ್ತದೆ ಎಂಬುದರ ಬಗ್ಗೆ ತಪಾಸಣೆ ಏನನ್ನೂ ಹೇಳುವುದಿಲ್ಲ, ಹೇಳಬೇಕಾದದ್ದು ಅದರ ಕೆಲಸವೂ ಅಲ್ಲ. ಮಾಲು ಒಳಬರುವಾಗಿನ ಇನ್‌ವರ್ಡ್, ಪಾಳಿಯ ಆರಂಭದ ಫಸ್ಟ್ ಪೀಸ್, ಗಂಟೆಗೊಮ್ಮೆ ಸುತ್ತಾಡಿ ನೋಡುವ ಪ್ಯಾಟ್ರೋಲ್, ಹೊರಹೋಗುವ ಮುನ್ನಿನ ಪಿಡಿಐ ಎಲ್ಲವೂ ಇದೇ ಜಾತಿಯವು. ಇವುಗಳಲ್ಲಿ ಫಸ್ಟ್ ಪೀಸ್ ಮಾತ್ರ ಸ್ವಲ್ಪ ಬೇರೆ, ಏಕೆಂದರೆ ಅಲ್ಲಿ ಪೀಸಿನ ಮೂಲಕ ನಾವು ಸೆಟಪ್‌ಗೆ ಒಪ್ಪಿಗೆ ಕೊಡುತ್ತೇವೆ.

ಮಾದರಿ ತಪಾಸಣೆಯ ಬಗ್ಗೆ ಒಂದು ಮಾತು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಅದು ನಿಜವಾಗುವುದು ಒಂದೇ ಪಾತ್ರೆ, ಒಂದೇ ಉರಿ, ಒಂದೇ ನೀರು ಇದ್ದಾಗ. ಎರಡು ಮಷೀನಿನ, ಮೂರು ಪಾಳಿಯ ಮಾಲನ್ನು ಒಂದೇ ಕ್ರೇಟಿನಲ್ಲಿ ಸುರಿದರೆ ಒಂದು ಅಗುಳು ಯಾವ ಒಲೆಯದು ಎಂದೇ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಬಳಸುವ ಐಎಸ್‌ಒ 2859 ಮಾದರಿ ಕೋಷ್ಟಕದಲ್ಲಿ 1,000 ಪೀಸಿನ ಲಾಟಿಗೆ, ಸಾಮಾನ್ಯ ಮಟ್ಟ 2ರಲ್ಲಿ, 80 ಪೀಸು ತೆಗೆಯಬೇಕು, ಎಕ್ಯೂಎಲ್ (ಒಪ್ಪಬಹುದಾದ ಕೆಟ್ಟದ್ದರ ಮಟ್ಟ) 1.0 ಇದ್ದರೆ ಎರಡು ಕೆಟ್ಟವು ಸಿಕ್ಕರೂ ಲಾಟು ಪಾಸಾಗುತ್ತದೆ. ವಾಹನ ಉದ್ಯಮದ ಗುಣಮಟ್ಟ ಮಾನಕವಾದ ಐಎಟಿಎಫ್ 16949 ಇದನ್ನು ಒಪ್ಪುವುದಿಲ್ಲ. ಇಂಥ ಹೌದು-ಅಲ್ಲ ಮಾದರಿಯ ತಪಾಸಣೆಯಲ್ಲಿ ಸ್ವೀಕಾರದ ಸಂಖ್ಯೆ ಸೊನ್ನೆಯೇ ಇರಬೇಕೆಂದು ಅದು ಹೇಳುತ್ತದೆ.

ನಿಯಂತ್ರಣ ಎಂಬಲ್ಲಿ ತೀರ್ಪಿನ ವಸ್ತು ಬದಲಾಗುತ್ತದೆ. ಅಲ್ಲಿ ನಾವು ಪೀಸನ್ನು ಅಳೆಯುವುದು ಪೀಸಿಗಾಗಿ ಅಲ್ಲ, ಪ್ರಕ್ರಿಯೆಯ ನಾಡಿ ಹಿಡಿಯುವುದಕ್ಕೆ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರ ಮೇ 16ರಂದು ತಮ್ಮ ಮೇಲಧಿಕಾರಿಗೆ ಬರೆದ ಒಂದು ಚಿಕ್ಕ ಟಿಪ್ಪಣಿಯಲ್ಲಿ ಮೊದಲ ಕಂಟ್ರೋಲ್ ಚಾರ್ಟಿನ (ಪ್ರಕ್ರಿಯೆಯ ಏರಿಳಿತವನ್ನು ಮಿತಿ ರೇಖೆಗಳ ನಡುವೆ ಗುರುತಿಸುವ ನಕ್ಷೆಯ) ರೂಪವನ್ನು ತೋರಿಸಿದರು. ಯಾವ ಪ್ರಕ್ರಿಯೆಯಲ್ಲೂ ಸಹಜವಾದ ಏರಿಳಿತ ಇದ್ದೇ ಇರುತ್ತದೆ, ಅದರ ಮೇಲೆ ಒಮ್ಮೊಮ್ಮೆ ಹುಡುಕಿ ಹಿಡಿಯಬಹುದಾದ ವಿಶೇಷ ಕಾರಣ ಬಂದು ಸೇರಿಕೊಳ್ಳುತ್ತದೆ, ಎರಡನ್ನೂ ಬೇರ್ಪಡಿಸದೆ ಮಷೀನಿಗೆ ಕೈಹಾಕಬಾರದು ಎಂಬುದು ಅವರ ವಿಚಾರ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಹ್ವಾನದ ಮೇಲೆ 1947-48ರಲ್ಲಿ ಅವರು ನಮ್ಮ ದೇಶಕ್ಕೂ ಬಂದಿದ್ದರು.

ಈಗ ಲೆಕ್ಕ ನೋಡಿ. ನಿಮ್ಮ ಗ್ರೈಂಡಿಂಗ್ ಮಷೀನಿನ ಸಹಜ ಏರಿಳಿತ, ಅಂದರೆ ಸಿಗ್ಮಾ, 1.3 ಮೈಕ್ರಾನ್ ಎಂದುಕೊಳ್ಳೋಣ. ಸರಾಸರಿ ಸರಿಯಾಗಿ ನಡುವಿನಲ್ಲಿ, 24.9935ರಲ್ಲಿದೆ. ಐದೈದು ಪೀಸುಗಳ ಸರಾಸರಿಯನ್ನು ಚಾರ್ಟಿನಲ್ಲಿ ಗುರುತಿಸಿದರೆ ನಿಯಂತ್ರಣದ ರೇಖೆಗಳು ನಡುವಿನಿಂದ ಸುಮಾರು 1.7 ಮೈಕ್ರಾನ್ ಮೇಲೆ, ಅಷ್ಟೇ ಕೆಳಗೆ ಬರುತ್ತವೆ. ಮಧ್ಯಾಹ್ನದ ಹೊತ್ತಿಗೆ ಗ್ರೈಂಡಿಂಗ್ ವೀಲ್ ಸವೆದು, ಐದು ಪೀಸುಗಳ ಸರಾಸರಿ 24.996ಕ್ಕೆ ಏರಿತು. ಐದೂ ಪೀಸು ಡ್ರಾಯಿಂಗಿನ ಒಳಗೇ ಇವೆ, ಇನ್‌ಸ್ಪೆಕ್ಟರ್ ಐದಕ್ಕೂ ಹಸಿರು ಟ್ಯಾಗು ಹಾಕುತ್ತಾರೆ, ಹಾಕಲೇಬೇಕು. ಆದರೆ ಚಾರ್ಟಿನ ಬಿಂದು ಮೇಲಿನ ರೇಖೆಯನ್ನು ದಾಟಿದೆ. ತಪಾಸಣೆಯ ತೀರ್ಪು ಪಾಸು, ನಿಯಂತ್ರಣದ ತೀರ್ಪು ‘ನಿಲ್ಲಿಸಿ, ವೀಲ್ ನೋಡಿ’ ಎಂಬುದು. ಎರಡೂ ಸರಿಯೇ, ಏಕೆಂದರೆ ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಹೀಗೇ ಬಿಟ್ಟರೆ ಸಾವಿರಕ್ಕೆ ಒಂದರಂತೆ ಶಾಫ್ಟು 25.000 ದಾಟಿ ಹೋಗುತ್ತದೆ, ಅದು ನಿಮ್ಮ ಐದರ ಮಾದರಿಯಲ್ಲಿ ಸಿಗುವ ಸಂಭವ ತೀರಾ ಕಡಿಮೆ.

ಡ್ರಾಯಿಂಗಿನ ಮಿತಿಯನ್ನು ಕೊಟ್ಟವರು ಗ್ರಾಹಕರು. ಚಾರ್ಟಿನ ಮಿತಿಯನ್ನು ಕೊಟ್ಟದ್ದು ನಿಮ್ಮ ಮಷೀನು. ಕಂಟ್ರೋಲ್ ಚಾರ್ಟಿನ ಮೇಲೆ ಡ್ರಾಯಿಂಗಿನ ಮಿತಿಯನ್ನೇ ಕೆಂಪು ಗೆರೆಯಾಗಿ ಎಳೆದು ತೂಗುಹಾಕಿದ ಶಾಪುಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅದು ಕಂಟ್ರೋಲ್ ಚಾರ್ಟ್ ಅಲ್ಲ, ಚೆಂದದ ಕಾಗದದ ಮೇಲೆ ಬರೆದ ತಪಾಸಣಾ ವರದಿ ಅಷ್ಟೆ. ಡ್ರಾಯಿಂಗಿನ ಮಿತಿಯನ್ನು ಮಷೀನಿನ ಸಹಜ ಏರಿಳಿತದ ಹರವಿಗೆ, ಅಂದರೆ ಆರು ಸಿಗ್ಮಾಗೆ, ಹೋಲಿಸಿ ನೋಡುವುದಕ್ಕೆ ಸಾಮರ್ಥ್ಯ ಎಂದು ಹೆಸರು: ಮೇಲಿನ ಮಷೀನಿನ ಸಿಪಿ ಎಂಬ ಸಾಮರ್ಥ್ಯದ ಸಂಖ್ಯೆ 13 ಭಾಗಿಸು 7.8, ಅಂದರೆ 1.67; ಸರಾಸರಿ ನಡುವಿನಲ್ಲಿದ್ದಾಗ, ಸರಾಸರಿಯ ಜಾಗವನ್ನೂ ಲೆಕ್ಕಕ್ಕೆ ಹಿಡಿಯುವ ಸಿಪಿಕೆ ಕೂಡ ಅಷ್ಟೇ, ವೀಲ್ ಸವೆದು ಸರಾಸರಿ 24.996ಕ್ಕೆ ಸರಿದಾಗ ಅದು ಸುಮಾರು 1.03ಕ್ಕೆ ಇಳಿಯುತ್ತದೆ. ನಿಯಂತ್ರಣದಲ್ಲಿ ಇಲ್ಲದ ಪ್ರಕ್ರಿಯೆಗೆ ಸಿಪಿಕೆ ಲೆಕ್ಕ ಹಾಕಿ ಕೊಡಬೇಡಿ. ನಾಳೆ ಬದಲಾಗುವ ಸಂಖ್ಯೆಯನ್ನು ಇಂದು ಸಹಿ ಮಾಡಿ ಕೊಟ್ಟಂತಾಗುತ್ತದೆ.

ಇನ್ನು ಕ್ಯೂಎ. ಐಎಸ್‌ಒ 9000ದ 2015ರ ಆವೃತ್ತಿಯಲ್ಲಿ ಕ್ಯೂಸಿ, ಕ್ಯೂಎ ಎರಡರ ನಡುವಿನ ಗೆರೆ ಬಹಳ ತೆಳುವಾಗಿ, ಆದರೆ ಬಹಳ ಖಚಿತವಾಗಿ ಎಳೆಯಲ್ಪಟ್ಟಿದೆ. ಗುಣಮಟ್ಟ ನಿಯಂತ್ರಣದ ಗಮನವೆಲ್ಲ ಅಗತ್ಯಗಳನ್ನು ಪೂರೈಸುವುದರ ಮೇಲೆ; ಗುಣಮಟ್ಟ ಭರವಸೆಯ ಗಮನ, ಅಗತ್ಯಗಳು ಪೂರೈಕೆಯಾಗುತ್ತವೆ ಎಂಬ ನಂಬಿಕೆಯನ್ನು ಒದಗಿಸುವುದರ ಮೇಲೆ. ‘ಭರವಸೆ’ ಎಂಬ ನಮ್ಮ ಪದ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಪುಣೆಯ ಭಾಷೆಯಲ್ಲಿ ಹೇಳುವುದಾದರೆ ಎಫ್‌ಎಂಇಎ (ಏನೇನು ಕೆಡಬಹುದು ಎಂಬ ಮುನ್‌ವಿಶ್ಲೇಷಣೆ), ಕಂಟ್ರೋಲ್ ಪ್ಲಾನ್, ಪಿಪಿಎಪಿ (ಉತ್ಪಾದನೆಗೆ ಮೊದಲು ಗ್ರಾಹಕರ ಒಪ್ಪಿಗೆ ಪಡೆಯುವ) ಫೈಲು, ತರಬೇತಿಯ ದಾಖಲೆ, ಆಡಿಟ್ ಇವೆಲ್ಲ ಭರವಸೆಯ ಕಡೆಯವು: ಪೀಸು ಹುಟ್ಟುವ ಮೊದಲೇ, ಹೀಗೆ ಮಾಡಿದರೆ ಸರಿಯಾಗಿಯೇ ಹುಟ್ಟುತ್ತದೆ ಎಂದು ನಂಬಲು ಗ್ರಾಹಕರಿಗೂ ನಮ್ಮ ಮಾಲೀಕರಿಗೂ ಆಧಾರ ಕೊಡುವಂಥವು. ನಿಮ್ಮ ಬಾಗಿಲ ಮೇಲೆ ಕ್ಯೂಎ ಎಂಬ ಫಲಕ ಇರಬಹುದು. ಒಳಗೆ ದಿನವಿಡೀ ಗೇಜು ಹಿಡಿದು ಪೀಸು ಬೇರ್ಪಡಿಸುವುದೇ ನಡೆಯುತ್ತಿದ್ದರೆ ಅದು ತಪಾಸಣೆಯ ಕೋಣೆ. ಅದೇ ರೀತಿ ಪ್ರೊಡಕ್ಷನ್‌ನ ಆಪರೇಟರ್ ಚಾರ್ಟಿನಲ್ಲಿ ಬಿಂದು ಇಟ್ಟು, ರೇಖೆ ದಾಟಿದ್ದನ್ನು ಕಂಡು ವೀಲ್ ಡ್ರೆಸ್ ಮಾಡಿದರೆ (ಅದರ ಮೈ ಹದಗೊಳಿಸಿದರೆ) ಅವರು ಮಾಡಿದ್ದು ನಿಜವಾದ ಗುಣಮಟ್ಟ ನಿಯಂತ್ರಣ. ಪದ ಕೆಲಸಕ್ಕೆ ಸೇರಿದ್ದು, ವಿಭಾಗಕ್ಕಲ್ಲ.

ನಿಮ್ಮ ಅಣ್ಣ ಹೇಳಿದ್ದೂ ತಪ್ಪಲ್ಲ, ಅವರ ಉದ್ಯಮದ ರೂಢಿ ಅದು. ಔಷಧ ತಯಾರಿಕೆಯಲ್ಲಿ ಕ್ಯೂಸಿ ಎಂದರೆ ಮಾದರಿ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸುವವರು. ಆ ಫಲಿತಾಂಶದ ಜೊತೆಗೆ ಬ್ಯಾಚ್ ರೆಕಾರ್ಡ್ ಪೂರ್ತಿ ಓದಿ, ನಡುವೆ ನಡೆದ ವಿಚಲನೆಗಳನ್ನೆಲ್ಲ ತೂಗಿ ನೋಡಿ, ಬ್ಯಾಚನ್ನು ಮಾರುಕಟ್ಟೆಗೆ ಬಿಡುವ ಅಧಿಕಾರ ಕ್ಯೂಎಯವರದು. ಅದನ್ನು ಬರೀ ಕಾಗದಪತ್ರ ಎಂದರೆ ಅನ್ಯಾಯವಾಗುತ್ತದೆ. ಮಾತ್ರೆಯನ್ನು ಪುಡಿಮಾಡದೆ ಪೂರ್ತಿ ಪರೀಕ್ಷಿಸಲಾಗದು, ಪುಡಿಮಾಡಿದ್ದನ್ನು ರೋಗಿಗೆ ಕೊಡಲಾಗದು. ಆದ್ದರಿಂದಲೇ ಆ ಉದ್ಯಮದಲ್ಲಿ ವ್ಯಾಲಿಡೇಷನ್‌ಗೆ ಅಷ್ಟು ಬೆಲೆ.

ಈಗ ನಿಮ್ಮ ಎನ್‌ಸಿಯ ಹೃದಯಕ್ಕೆ ಬರೋಣ. ವೆರಿಫಿಕೇಷನ್ ಎಂದರೆ ಹೇಳಿದ ಅಗತ್ಯ ಪೂರೈಸಿದೆಯೇ ಎಂದು ಸಾಕ್ಷ್ಯದ ಮೂಲಕ ತಾಳೆ ನೋಡುವುದು. ವ್ಯಾಲಿಡೇಷನ್ ಎಂದರೆ ಉದ್ದೇಶಿತ ಬಳಕೆಗೆ ಇದು ಒದಗುತ್ತದೆಯೇ ಎಂದು ಸಾಕ್ಷ್ಯದ ಮೂಲಕ ಸಾಬೀತುಪಡಿಸುವುದು; ಕನ್ನಡದಲ್ಲಿ ಸಿಂಧುತ್ವ ಎನ್ನುತ್ತಾರೆ. ಶಾಫ್ಟು ಡ್ರಾಯಿಂಗಿನಂತೆ ಇದೆಯೇ ಎಂಬುದು ಮೊದಲನೆಯದು, ಆ ಡ್ರಾಯಿಂಗಿನಂತೆ ಇರುವ ಶಾಫ್ಟು ಗಾಡಿಯಲ್ಲಿ ತಡೆಯುತ್ತದೆಯೇ ಎಂಬುದು ಎರಡನೆಯದು. ಉತ್ಪನ್ನದ ಮಟ್ಟದಲ್ಲಿ ಇದು ಸುಲಭವಾಗಿ ಅರ್ಥವಾಗುತ್ತದೆ. ಪ್ರಕ್ರಿಯೆಯ ಮಟ್ಟಕ್ಕೆ ಬಂದಾಗ ಎಲ್ಲರೂ ಎಡವುತ್ತಾರೆ.

ಮೂಲ ನಿಯಮ ಇಷ್ಟು: ಯಾವ ಪ್ರಕ್ರಿಯೆಯ ಫಲಿತಾಂಶವನ್ನು ಆಮೇಲೆ ಅಳೆದು ತಾಳೆ ನೋಡಲು ಸಾಧ್ಯವಿಲ್ಲವೋ ಆ ಪ್ರಕ್ರಿಯೆಯನ್ನೇ ಮೊದಲು ಸಿಂಧುಗೊಳಿಸಬೇಕು, ಕಾಲಕಾಲಕ್ಕೆ ಮತ್ತೆ ಸಿಂಧುಗೊಳಿಸುತ್ತಿರಬೇಕು. ಐಎಸ್‌ಒ 9001ರ 8.5.1ನೇ ಕಲಮು ಹೇಳುವುದು ಇದನ್ನೇ. ಗ್ರೈಂಡಿಂಗಿನ ವ್ಯಾಸವನ್ನು ಪ್ರತಿ ಪೀಸಿನಲ್ಲೂ ಅಳೆಯಬಹುದು. ವೆಲ್ಡಿಂಗ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಹಾಗಲ್ಲ. ಗುಣ ಒಳಗಿರುತ್ತದೆ, ಒಳಗನ್ನು ನೋಡಬೇಕಾದರೆ ಪೀಸನ್ನು ಕತ್ತರಿಸಬೇಕು.

ಇದನ್ನು ನಾನು ಕಲಿತದ್ದು ನಷ್ಟ ಅನುಭವಿಸಿ. ಹಲವು ವರ್ಷಗಳ ಹಿಂದೆ ಪಿಂಪ್ರಿ-ಚಿಂಚವಡದ ಒಂದು ಘಟಕದಲ್ಲಿ ನಾನು ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತಿದ್ದೆ. ಇಂಡಕ್ಷನ್ ಹಾರ್ಡನಿಂಗ್ ಆದ ಶಾಫ್ಟುಗಳ ಮೇಲ್ಮೈ ಗಡಸುತನ 55ರಿಂದ 60 ಎಚ್‌ಆರ್‌ಸಿ ಇರಬೇಕಿತ್ತು, ರಾಕ್‌ವೆಲ್ ಯಂತ್ರದಲ್ಲಿ ಒಂದೊಂದೂ 57, 58 ತೋರಿಸುತ್ತಿತ್ತು, ನಾನು ವರದಿಗೆ ಸಹಿ ಹಾಕಿ ಕಳಿಸಿದೆ. ಕೆಲವು ವಾರಗಳ ನಂತರ ಗ್ರಾಹಕರ ಬಳಿಯಿಂದ ಒಂದು ಶಾಫ್ಟು ತಿರುಚಿ ಮುರಿದ ಸ್ಥಿತಿಯಲ್ಲಿ ಮರಳಿ ಬಂತು. ಅದನ್ನು ಅಡ್ಡ ಕತ್ತರಿಸಿ, ಪಾಲಿಷ್ ಮಾಡಿ, ನೈಟಲ್ (ನೈಟ್ರಿಕ್ ಆಮ್ಲ ಬೆರೆತ ಆಲ್ಕೋಹಾಲ್) ಹಚ್ಚಿದಾಗ ಅಂಚಿನಲ್ಲಿ ಗಡಸು ಪದರ ಒಂದು ತೆಳುವಾದ ಕಪ್ಪು ಉಂಗುರದಂತೆ ಕಾಣಿಸಿತು. 2 ಮಿ.ಮೀ. ಆಳ ಇರಬೇಕಾದಲ್ಲಿ 1.2 ಮಿ.ಮೀ. ಇತ್ತು. ಉತ್ಪಾದನೆ ಹೆಚ್ಚಿಸಲು ಯಾರೋ ಸ್ಕ್ಯಾನಿಂಗ್ ವೇಗವನ್ನು ಏರಿಸಿದ್ದರು. ಶಾಖ ಒಳಗಿಳಿಯಲು ಸಮಯ ಸಿಕ್ಕಿರಲಿಲ್ಲ, ಮೇಲ್ಮೈ ಮಾತ್ರ ಎಂದಿನಂತೆ ಗಡಸಾಗಿತ್ತು. ನನ್ನ ವರದಿಯ ಪ್ರತಿ ಸಂಖ್ಯೆಯೂ ನಿಜವಾಗಿತ್ತು, ಆದರೂ ಆ ವರದಿ ಆ ಶಾಫ್ಟಿನ ಬಗ್ಗೆ ಹೇಳಬೇಕಾದದ್ದನ್ನು ಹೇಳಿರಲಿಲ್ಲ. ನೂರಕ್ಕೆ ನೂರು ಚೆಕ್ ಮಾಡಿದ್ದರೂ ಅದೇ ಆಗುತ್ತಿತ್ತು. ನಿಮ್ಮ ಉತ್ತರವನ್ನು ಆಡಿಟರ್ ತಿರಸ್ಕರಿಸಿದ್ದು ಇದೇ ಕಾರಣಕ್ಕೆ.

ಅಳತೆಯ ಸಾಧನಕ್ಕೆ ಸಂಬಂಧಿಸಿದ ಎರಡು ಪದಗಳನ್ನೂ ಇಲ್ಲಿಯೇ ಬಿಡಿಸುತ್ತೇನೆ. ಕ್ಯಾಲಿಬ್ರೇಷನ್ ಎಂದರೆ ಸಾಧನದ ಓದನ್ನು ಗೊತ್ತಿರುವ ಮಾನಕಕ್ಕೆ ಹೋಲಿಸಿ ವ್ಯತ್ಯಾಸ ಎಷ್ಟು ಎಂದು ದಾಖಲಿಸುವುದು. ಪುಣೆಯ ಮಂಡಈ ಮಾರುಕಟ್ಟೆಯ ವ್ಯಾಪಾರಿಯ ತಕ್ಕಡಿಗೆ ತೂಕ-ಅಳತೆ ಇಲಾಖೆಯವರು ಬಂದು, ಮುದ್ರೆ ಹಾಕುವ ಮೊದಲು, ಮಾನಕ ತೂಕವಿಟ್ಟು ನೋಡಿದಂತೆ. ವ್ಯತ್ಯಾಸವನ್ನು ಸರಿಪಡಿಸುವುದು ಹೊಂದಾಣಿಕೆ, ಅದು ಬೇರೆ ಕೆಲಸ. ಆದರೆ ಮುದ್ರೆ ಬಿದ್ದ ತಕ್ಕಡಿಯಲ್ಲೂ ಕೈಚಳಕದಿಂದ ತೂಕ ಬದಲಾಗಬಹುದಲ್ಲವೇ? ಸಾಧನ, ಅದನ್ನು ಹಿಡಿದ ಕೈ, ಪೀಸು, ಜಾಗ ಎಲ್ಲ ಸೇರಿದ ವ್ಯವಸ್ಥೆಯನ್ನು ಪರೀಕ್ಷಿಸುವುದು ಎಂಎಸ್‌ಎ. ಸಾಮಾನ್ಯವಾಗಿ ಹತ್ತು ಪೀಸುಗಳನ್ನು ಮೂವರು ಎರಡು ಅಥವಾ ಮೂರು ಬಾರಿ ಅಳೆಯುತ್ತಾರೆ. ಅಳತೆಯಿಂದಲೇ ಬರುವ ಏರಿಳಿತ ಒಟ್ಟು ಏರಿಳಿತದ ಶೇ 10ರೊಳಗಿದ್ದರೆ ಒಳ್ಳೆಯದು, ಶೇ 30 ದಾಟಿದರೆ ಆ ಅಳತೆಯನ್ನು ನಂಬಬಾರದು. 13 ಮೈಕ್ರಾನಿನ ಟಾಲರೆನ್ಸಿಗೆ 20 ಮೈಕ್ರಾನ್ ಲೀಸ್ಟ್ ಕೌಂಟಿನ ವರ್ನಿಯರ್ ಹಿಡಿದರೆ, ಅದು ಎಷ್ಟೇ ಚೆನ್ನಾಗಿ ಕ್ಯಾಲಿಬ್ರೇಟ್ ಆಗಿರಲಿ, ಉಪಯೋಗವಿಲ್ಲ. ಗ್ರೈಂಡಿಂಗ್‌ನಿಂದ ಆಗ ತಾನೇ ಬಂದ ಬಿಸಿ ಶಾಫ್ಟು ಗೇಜಿಗಿಂತ ಕೇವಲ 10 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೂ 25 ಮಿ.ಮೀ. ವ್ಯಾಸದಲ್ಲಿ ಸುಮಾರು 3 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಇದನ್ನು ಯಾವ ಕ್ಯಾಲಿಬ್ರೇಷನ್ ಸರ್ಟಿಫಿಕೇಟೂ ಹೇಳುವುದಿಲ್ಲ.

ಆಡಿಟ್ ಎಂದರೆ ವ್ಯವಸ್ಥೆಯ ಬಗೆಗಿನ ತೀರ್ಪು: ಬರೆದದ್ದು ನಡೆಯುತ್ತಿದೆಯೇ, ನಡೆಯುತ್ತಿರುವುದು ಸಾಕಾಗುತ್ತಿದೆಯೇ ಎಂಬುದು ಅದರ ಪ್ರಶ್ನೆ. ಅದರಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ಪ್ರಾಡಕ್ಟ್ ಆಡಿಟ್, ಏಕೆಂದರೆ ಅದು ಹೊರನೋಟಕ್ಕೆ ಥೇಟ್ ಪಿಡಿಐಯಂತೆಯೇ ಇರುತ್ತದೆ. ಪಿಡಿಐ ಲಾಟನ್ನು ಬಿಡಬೇಕೇ ಬೇಡವೇ ಎಂದು ನಿರ್ಧರಿಸುತ್ತದೆ. ಪ್ರಾಡಕ್ಟ್ ಆಡಿಟ್ ಈಗಾಗಲೇ ಪಾಸಾದ ಪೆಟ್ಟಿಗೆಯನ್ನು ಬಿಚ್ಚಿ, ಪಾಸು ಮಾಡಿದವರ ಕಣ್ಣು ಸರಿಯಿತ್ತೇ ಎಂದು ನೋಡುತ್ತದೆ. ಪ್ರೋಸೆಸ್ ಆಡಿಟ್ ಆ ಪ್ರಕ್ರಿಯೆ ನಡೆಯುವ ಎಲ್ಲ ಪಾಳಿಗಳಲ್ಲೂ ಆಗಬೇಕು, ಪಾಳಿ ಬದಲಾಗುವ ಹೊತ್ತನ್ನೂ ಒಳಗೊಳ್ಳಬೇಕು ಎಂದು ಐಎಟಿಎಫ್ ಹೇಳುತ್ತದೆ. ಹಗಲು ಹನ್ನೊಂದಕ್ಕೆ ಚಹಾದ ನಂತರ ನಡೆಸುವ ಆಡಿಟ್‌ನಲ್ಲಿ ರಾತ್ರಿ ಪಾಳಿಯ ಸ್ಕ್ಯಾನಿಂಗ್ ವೇಗ ಕಾಣಿಸುವುದಿಲ್ಲ. ಪೋಕಾ ಯೋಕೆಯನ್ನು, ಅಂದರೆ ತಪ್ಪು ತಡೆಯುವ ಸಾಧನವನ್ನು, ತಾಳೆ ನೋಡುವುದು ಕೂಡ ಒಂದು ಪ್ರತ್ಯೇಕ ಕೆಲಸ: ಪಾಳಿಯ ಆರಂಭದಲ್ಲಿ ಬೇಕೆಂದೇ ಕೆಟ್ಟದ್ದಾಗಿ ಮಾಡಿ ಇಟ್ಟುಕೊಂಡ ಪೀಸನ್ನು ಹಾಕಿ, ಯಂತ್ರ ಅದನ್ನು ಹಿಡಿಯುತ್ತದೆಯೇ ಎಂದು ನೋಡಬೇಕು.

ಸರಿಪಡಿಸುವಿಕೆಯ ಪದಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೆಟ್ಟ ಪೀಸನ್ನು ಬೇರ್ಪಡಿಸುವುದು, ರೀವರ್ಕ್ ಮಾಡುವುದು ಕರೆಕ್ಷನ್. ಅದು ಕೆಟ್ಟದ್ದರ ಕಾರಣವನ್ನು ತೆಗೆದು, ಮತ್ತೆ ಬಾರದಂತೆ ಮಾಡುವುದು ಕರೆಕ್ಟಿವ್ ಆಕ್ಷನ್. ರೀವರ್ಕ್ ಆದ ಪೀಸು ಡ್ರಾಯಿಂಗಿನ ಒಳಗೆ ಬರುತ್ತದೆ, ರಿಪೇರಿ ಆದದ್ದು ಬಳಕೆಗೆ ನಡೆಯುತ್ತದೆಯೇ ಹೊರತು ಡ್ರಾಯಿಂಗಿನಂತೆ ಇರುವುದಿಲ್ಲ, ಹಾಗಾಗಿ ಅದಕ್ಕೆ ಗ್ರಾಹಕರ ಒಪ್ಪಿಗೆ ಬೇಕು. ‘ನೂರಕ್ಕೆ ನೂರು ಚೆಕ್’ ಎಂಬುದು ಈ ಕ್ರಮದಲ್ಲಿ ತಾತ್ಕಾಲಿಕ ತಡೆ ಮಾತ್ರ. ಸಮಸ್ಯೆ ಬಿಡಿಸುವ ಎಂಟು ಮೆಟ್ಟಿಲ ಕ್ರಮವಾದ 8ಡಿಯಲ್ಲಿ, ತಾತ್ಕಾಲಿಕ ತಡೆಯ ಮೂರನೆಯ ಮೆಟ್ಟಿಲಲ್ಲಿ ಬರೆಯಬೇಕಾದದ್ದನ್ನು ನೀವು ಶಾಶ್ವತ ಕ್ರಮದ ಆರನೆಯದರಲ್ಲಿ ಬರೆದಿರಿ.

ಈಗ ಎನ್‌ಸಿಗೆ ಹೀಗೆ ಉತ್ತರಿಸಿ. ಮೊದಲು ಪವರ್, ಸ್ಕ್ಯಾನಿಂಗ್ ವೇಗ, ಕಾಯಿಲ್ ಮತ್ತು ಶಾಫ್ಟಿನ ನಡುವಿನ ಅಂತರ, ಕ್ವೆಂಚಿನ (ತಣಿಸುವ ದ್ರವದ) ಹರಿವು, ಉಷ್ಣತೆ, ಪಾಲಿಮರ್ ಬಳಸುತ್ತಿದ್ದರೆ ಅದರ ಸಾಂದ್ರತೆ ಇವುಗಳಿಗೆ ಕನಿಷ್ಠ ಮತ್ತು ಗರಿಷ್ಠ ಮಿತಿ ಬರೆಯಿರಿ. ಆ ಮಿತಿಗಳ ಎರಡೂ ತುದಿಯಲ್ಲಿ, ಅಂದರೆ ಶಾಖ ಅತಿ ಕಡಿಮೆ ಸಿಗುವ ಮತ್ತು ಅತಿ ಹೆಚ್ಚು ಸಿಗುವ ಜೋಡಣೆಯಲ್ಲಿ, ಪೀಸು ಓಡಿಸಿ ಕತ್ತರಿಸಿ. ಮೇಲ್ಮೈಯಿಂದ ಒಳಕ್ಕೆ ಹೆಜ್ಜೆ ಹೆಜ್ಜೆಗೆ ಮೈಕ್ರೋ ವಿಕರ್ಸ್ ಗಡಸುತನ ತೆಗೆದು ಪದರದ ಆಳ ಕಂಡುಹಿಡಿಯಿರಿ, ಸೂಕ್ಷ್ಮ ರಚನೆ ನೋಡಿ, ಬಿರುಕಿಗೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಮಾಡಿಸಿ. ಎರಡೂ ತುದಿಯಲ್ಲಿ ಸರಿ ಬಂದರೆ ನಡುವಿನ ಕಿಟಕಿ ಸಿಂಧು. ಸಿಕ್ಯೂಐ-9 ಎಂಬ ಹೀಟ್ ಟ್ರೀಟ್‌ಮೆಂಟಿನ ಸ್ವಯಂ ಮೌಲ್ಯಮಾಪನವನ್ನು ಗ್ರಾಹಕರು ಕೇಳುತ್ತಿದ್ದರೆ ಅದನ್ನು ವರ್ಷಕ್ಕೊಮ್ಮೆ ಮಾಡಿ ಜೊತೆಗಿಡಿ. ಕೊನೆಗೆ, ಯಾವಾಗ ಮತ್ತೆ ಸಿಂಧುಗೊಳಿಸಬೇಕು ಎಂಬುದನ್ನು ಕಂಟ್ರೋಲ್ ಪ್ಲಾನಿನಲ್ಲೇ ನಮೂದಿಸಿ: ಕಾಯಿಲ್ ಬದಲಾದಾಗ, ಉಕ್ಕಿನ ಗ್ರೇಡ್ ಬದಲಾದಾಗ, ಮಷೀನು ಜಾಗ ಬದಲಿಸಿದಾಗ, ದೊಡ್ಡ ರಿಪೇರಿಯ ನಂತರ, ಬರೆದ ಮಿತಿಯ ಆಚೆಗೆ ಸ್ಕ್ಯಾನಿಂಗ್ ವೇಗ ಹೋಗಬೇಕೆಂದು ಯಾರಾದರೂ ಕೇಳಿದಾಗ. ನೀವು ಈಗಾಗಲೇ ಇಟ್ಟಿರುವ ಮೂರು ತಿಂಗಳ ಗಡಸುತನದ ವರದಿಗಳನ್ನು ಎಸೆಯಬೇಡಿ. ಸಿಂಧುಗೊಂಡ ಪ್ರಕ್ರಿಯೆ ಅದೇ ಸ್ಥಿತಿಯಲ್ಲಿ ಮುಂದುವರಿದಿದೆ ಎಂಬುದಕ್ಕೆ ಇಂಥ ವರದಿಗಳೇ, ದಿನದಿನದ ಮಷೀನ್ ಸೆಟ್ಟಿಂಗಿನ ದಾಖಲೆಯ ಜೊತೆಗೆ, ಇನ್ನು ಮುಂದೆ ನಿಮ್ಮ ಸಾಕ್ಷ್ಯವಾಗುತ್ತವೆ.